ಮೊಬೈಲ್‌ಗೆ ದಾರಿ ತೋರಿಸುವ ಸಂಕೇತ ಮಣ್ಣಿನ ತೇವವನ್ನೂ ಅಳೆಯಬಲ್ಲದೇ?

ಮಳೆ ಬಂದ ಮರುದಿನ ಹೊಲಕ್ಕೆ ಹೋದ ರೈತರು ಮೊದಲು ಮಾಡುವ ಕೆಲಸ ಒಂದು ಹಿಡಿ ಮಣ್ಣು ಎತ್ತಿಕೊಂಡು ಮುಷ್ಟಿಯಲ್ಲಿ ಹಿಸುಕುವುದು. ಮಣ್ಣು ಉಂಡೆ ಕಟ್ಟಿ, ಬೆರಳಿನಿಂದ ತಟ್ಟಿದಾಗ ಉದುರಿದರೆ ಹದ ಬಂದಿದೆ ಎಂದರ್ಥ. ಉಂಡೆಯೇ ಕಟ್ಟದಿದ್ದರೆ ಇನ್ನೊಂದು ಮಳೆಗೆ ಕಾಯಬೇಕು. ಕೈಗೆ ಮೆತ್ತಿಕೊಂಡರೆ ಎರಡು ದಿನ ಬಿಟ್ಟು ಬಿತ್ತನೆಗೆ ಇಳಿಯಬೇಕು.

ಈ ಪರೀಕ್ಷೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಕಾಲಡಿಯ ಜಾಗಕ್ಕೆ ಮಾತ್ರ. ಇಡೀ ತಾಲ್ಲೂಕಿನಲ್ಲಿ, ಇಡೀ ಜಿಲ್ಲೆಯಲ್ಲಿ ಮಣ್ಣಿನ ಹಸಿ ಎಷ್ಟಿದೆ ಎಂದು ತಿಳಿಯಬೇಕಾದರೆ ಎಷ್ಟು ಮುಷ್ಟಿ ಬೇಕು? ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉತ್ತರಗಳಲ್ಲಿ ಒಂದು ತುಸು ವಿಚಿತ್ರವಾಗಿದೆ. ನಮ್ಮ ಮೊಬೈಲ್‌ಗೆ ದಾರಿ ತೋರಿಸಲೆಂದು ಜಿಪಿಎಸ್ ಉಪಗ್ರಹಗಳು ಕಳಿಸುವ ಸಂಕೇತಗಳು ನೆಲಕ್ಕೆ ಬಡಿದು ಮೇಲಕ್ಕೆ ಚಿಮ್ಮುತ್ತವೆ. ಹಾಗೆ ಚಿಮ್ಮಿದ ಸಂಕೇತವನ್ನು ಹಿಡಿದು, ಅದು ಬಡಿದ ಮಣ್ಣು ಒದ್ದೆಯೋ ಒಣಗಿದೆಯೋ ಎಂದು ಹೇಳಬಹುದು. ಈ ವಿಧಾನಕ್ಕೆ ಜಿಎನ್‌ಎಸ್‌ಎಸ್ ರಿಫ್ಲೆಕ್ಟೊಮೆಟ್ರಿ ಎಂದು ಹೆಸರು. ಅದು ಹೇಗೆ ಕೆಲಸ ಮಾಡುತ್ತದೆ, ಅದರ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಈ ಬರಹದಲ್ಲಿ ನೋಡೋಣ.

ಮಳೆ ಅಳೆದರೆ ಸಾಲದೇ?

ಸಾಲದು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಮಳೆಮಾಪಕಗಳಿವೆ. ಆದರೆ ಬಿದ್ದ ಮಳೆಯೆಲ್ಲ ಮಣ್ಣಿನಲ್ಲಿ ಉಳಿಯುವುದಿಲ್ಲ. ಒಂದಷ್ಟು ಹರಿದುಹೋಗುತ್ತದೆ, ಒಂದಷ್ಟು ಆವಿಯಾಗುತ್ತದೆ, ಒಂದಷ್ಟು ಆಳಕ್ಕೆ ಇಳಿಯುತ್ತದೆ. ಉಳಿದದ್ದು ಬೆಳೆಯ ಪಾಲಿಗೆ. ಒಂದೇ ದಿನ ಬಿರುಸಾಗಿ ಸುರಿದ 50 ಮಿಲಿಮೀಟರ್ ಮಳೆಯೂ ಐದು ದಿನ ಜಿನುಗಿದ 50 ಮಿಲಿಮೀಟರ್ ಮಳೆಯೂ ಮಾಪಕದಲ್ಲಿ ಒಂದೇ. ಹೊಲದಲ್ಲಿ ಬೇರೆ ಬೇರೆ.

ಈ ವ್ಯತ್ಯಾಸ ಪರಿಹಾರದ ಹಣದವರೆಗೂ ಹೋಗುತ್ತದೆ. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯ ಪ್ರಕಾರ ಬರ ಘೋಷಿಸುವಾಗ ಮಳೆಯ ಕೊರತೆಯ ಜೊತೆಗೆ ಬಿತ್ತನೆಯ ಪ್ರದೇಶ, ಉಪಗ್ರಹ ಚಿತ್ರದಲ್ಲಿ ಕಾಣುವ ಹಸಿರು, ಜಲಾಶಯ ಮತ್ತು ಅಂತರ್ಜಲದ ಮಟ್ಟ ಹಾಗೂ ಮಣ್ಣಿನ ತೇವಾಂಶ ಇವುಗಳನ್ನು ನೋಡಬೇಕು. 2023ರ ಮುಂಗಾರಿನಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಆಗ 'ಹಸಿರು ಬರ' ಎಂಬ ಮಾತು ಕೇಳಿಬಂತು. ನೋಡಲು ಹೊಲ ಹಸಿರಾಗಿದೆ, ತೆನೆಯಲ್ಲಿ ಕಾಳಿಲ್ಲ. ಎಲೆಯ ಬಣ್ಣ ಬೇರೆ, ಬೇರಿನ ಬಳಿಯ ನೀರು ಬೇರೆ ಎಂಬುದನ್ನು ಆ ವರ್ಷ ಚೆನ್ನಾಗಿಯೇ ಕಲಿಸಿತು.

ಪ್ರವಾಹದ ವಿಷಯದಲ್ಲೂ ಹೀಗೆಯೇ. ಒಣಗಿದ ನೆಲ ಮಳೆಯನ್ನು ಕುಡಿಯುತ್ತದೆ. ಈಗಾಗಲೇ ತುಂಬಿಹೋದ ನೆಲದ ಮೇಲೆ ಬಿದ್ದ ಅಷ್ಟೇ ಮಳೆ ನೇರವಾಗಿ ಹಳ್ಳಕ್ಕೆ ಹರಿಯುತ್ತದೆ.

ಮಣ್ಣಿನ ತೇವವನ್ನು ಅತ್ಯಂತ ನಂಬಿಕೆಯಿಂದ ಅಳೆಯುವ ವಿಧಾನ ಹಳೆಯದೇ. ಮಣ್ಣನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಸುಮಾರು 24 ಗಂಟೆ ಒಣಗಿಸಿ, ಮತ್ತೆ ತೂಗುವುದು. ಕಳೆದ ತೂಕವೇ ನೀರು. ಹೊಲದಲ್ಲಿ ಹೂಳುವ ಸಂವೇದಕಗಳೂ ಇವೆ. ಆದರೆ ಎರಡೂ ಹೇಳುವುದು ಒಂದೊಂದು ಬಿಂದುವಿನ ಕಥೆ.

ನೀರಿಗೂ ರೇಡಿಯೋ ಅಲೆಗೂ ಏನು ನಂಟು?

ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೂ, ನಮ್ಮ ನಾವಿಕ್ - ಈ ಎಲ್ಲ ಪಥದರ್ಶಕ ವ್ಯವಸ್ಥೆಗಳಿಗೆ ಸೇರಿದ ನೂರಕ್ಕೂ ಹೆಚ್ಚು ಉಪಗ್ರಹಗಳು ಹಗಲಿರುಳು ರೇಡಿಯೋ ಸಂಕೇತ ಕಳಿಸುತ್ತಿವೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅವುಗಳ ಮುಖ್ಯ ಸಂಕೇತದ ಆವರ್ತನ 1575.42 ಮೆಗಾಹರ್ಟ್ಸ್. ಅಂದರೆ ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್. ಎಲ್-ಬ್ಯಾಂಡ್ ಎಂದು ಕರೆಯುವ ಈ ಅಲೆಗಳು ಮೋಡ, ಮಳೆ ಯಾವುದನ್ನೂ ಲೆಕ್ಕಿಸದೆ ದಾಟಿ ಬರುತ್ತವೆ. ಮುಂಗಾರಿನ ನಾಲ್ಕು ತಿಂಗಳು ಮೋಡ ಕವಿದಿರುವ ನಾಡಿಗೆ ಇದು ಸಣ್ಣ ಅನುಕೂಲವೇನಲ್ಲ.

ನೀರಿನ ಪ್ರತಿ ಅಣುವಿಗೂ ಒಂದು ಬದಿ ಧನ, ಇನ್ನೊಂದು ಬದಿ ಋಣ ವಿದ್ಯುದಂಶ ಇರುತ್ತದೆ. ರೇಡಿಯೋ ಅಲೆ ಬಂದಾಗ ಈ ಅಣುಗಳು ಅಲೆಯ ವಿದ್ಯುತ್ ಕ್ಷೇತ್ರಕ್ಕೆ ತಕ್ಕಂತೆ ತಿರುಗುತ್ತವೆ. ಒಣ ಮಣ್ಣಿನ ಕಣಗಳಿಗೆ ಈ ಗುಣ ಬಹಳ ಕಡಿಮೆ. ಒಂದು ವಸ್ತು ವಿದ್ಯುತ್ ಕ್ಷೇತ್ರಕ್ಕೆ ಎಷ್ಟು ಸ್ಪಂದಿಸುತ್ತದೆ ಎಂಬುದನ್ನು ಡೈಎಲೆಕ್ಟ್ರಿಕ್ ಸ್ಥಿರಾಂಕ ಎಂಬ ಸಂಖ್ಯೆಯಿಂದ ಹೇಳುತ್ತಾರೆ. ಒಣ ಮಣ್ಣಿಗೆ ಅದು 3ರಿಂದ 5, ನೀರಿಗೆ ಸುಮಾರು 80. ಇಷ್ಟು ದೊಡ್ಡ ಅಂತರ ಇರುವುದರಿಂದ ಮಣ್ಣಿಗೆ ಸ್ವಲ್ಪ ನೀರು ಸೇರಿದರೂ ಆ ಸಂಖ್ಯೆ ಜಿಗಿಯುತ್ತದೆ.

ಸಂಖ್ಯೆ ಹೆಚ್ಚಿದಷ್ಟೂ ಪ್ರತಿಫಲನ ಹೆಚ್ಚು. ನುಣುಪಾದ ನೆಲದ ಮೇಲೆ ಅಲೆ ನೇರವಾಗಿ ಬಿದ್ದರೆ ಎಷ್ಟು ಶಕ್ತಿ ಹಿಂದಿರುಗುತ್ತದೆ ಎಂದು ಲೆಕ್ಕ ಹಾಕಬಹುದು. ಸ್ಥಿರಾಂಕ 3 ಇರುವ ಒಣ ಮಣ್ಣಿನಿಂದ ಶೇಕಡಾ 7ರಷ್ಟು. ಸ್ಥಿರಾಂಕ 20 ಇರುವ ಒದ್ದೆ ಮಣ್ಣಿನಿಂದ ಶೇಕಡಾ 40ರಷ್ಟು. ನಿಂತ ನೀರಿನಿಂದ ಶೇಕಡಾ 64ರಷ್ಟು. ಈ ಏರಿಳಿತವನ್ನು ಹಿಡಿದರೆ ತೇವವನ್ನು ಹಿಡಿದಂತೆ.

ಆದರೆ ಹಿಡಿಯುವುದು ಸುಲಭವಲ್ಲ. ಜಿಪಿಎಸ್ ಸಂಕೇತ ನೆಲ ತಲುಪುವ ಹೊತ್ತಿಗೆ ಮೊಬೈಲ್‌ನಂತಹ ಸಾಧನಕ್ಕೆ ಸಿಗುವ ಶಕ್ತಿ ಒಂದು ವಾಟ್‌ನ ನೂರು ಕೋಟಿ ಕೋಟಿಯಲ್ಲಿ ಒಂದು ಭಾಗದಷ್ಟು. ಪ್ರತಿಫಲಿಸಿದ್ದು ಅದಕ್ಕಿಂತಲೂ ಕ್ಷೀಣ. ಇಲ್ಲಿ ನೆರವಿಗೆ ಬರುವುದು ಪ್ರತಿ ಉಪಗ್ರಹಕ್ಕೂ ಇರುವ ಅದರದ್ದೇ ಆದ ಸಂಕೇತಮಾಲೆ. ಸಾಮಾನ್ಯ ಬಳಕೆಯ ಜಿಪಿಎಸ್ ಸಂಕೇತದಲ್ಲಿ 1023 ತುಣುಕುಗಳ ಒಂದು ಮಾಲೆ ಪ್ರತಿ ಮಿಲಿಸೆಕೆಂಡಿಗೆ ಒಮ್ಮೆ ಮರುಕಳಿಸುತ್ತದೆ. ಆ ಮಾಲೆಯ ಪ್ರತಿ ಗ್ರಾಹಕದಲ್ಲೂ ಇರುತ್ತದೆ. ಜಾತ್ರೆಯ ಗದ್ದಲದಲ್ಲೂ ತಾಯಿಗೆ ತನ್ನ ಮಗುವಿನ ದನಿ ಗುರುತು ಸಿಗುವ ಹಾಗೆ, ಗೊತ್ತಿರುವ ಮಾಲೆಯನ್ನು ಗ್ರಾಹಕ ಗದ್ದಲದಿಂದ ಹೆಕ್ಕಿ ತೆಗೆಯುತ್ತದೆ.

ಬೇಡವಾಗಿದ್ದ ಪ್ರತಿಧ್ವನಿ

ಸ್ಥಾನ ಅಳೆಯುವವರಿಗೆ ಪ್ರತಿಫಲನ ಎಂದರೆ ತಲೆನೋವು. ದೊಡ್ಡ ಕಟ್ಟಡಗಳ ನಡುವೆ ನಿಂತಾಗ ಮೊಬೈಲ್ ನಕ್ಷೆಯ ನೀಲಿ ಚುಕ್ಕೆ ಪಕ್ಕದ ರಸ್ತೆಗೆ ಹಾರುವುದನ್ನು ನೀವೂ ನೋಡಿರಬಹುದು. ಗೋಡೆಗೆ ಬಡಿದು ಬಂದ ಸಂಕೇತ ನೇರ ಸಂಕೇತಕ್ಕಿಂತ ತಡವಾಗಿ ಬರುವುದೇ ಇದಕ್ಕೆ ಒಂದು ಕಾರಣ. ಇದಕ್ಕೆ ಬಹುಪಥ ದೋಷ ಎನ್ನುತ್ತಾರೆ. ಇದನ್ನು ತೊಡೆದುಹಾಕಲು ಎಂಜಿನಿಯರುಗಳು ವರ್ಷಗಟ್ಟಲೆ ದುಡಿದಿದ್ದಾರೆ.

ಅದೇ ದೋಷವನ್ನು ಅಳತೆಯಾಗಿ ಬಳಸಬಹುದೆಂಬ ಯೋಚನೆ ಮೊದಲು ಬಂದದ್ದು ಸಮುದ್ರದ ಸಲುವಾಗಿ. 1993ರಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಮ್ಯಾನುಯೆಲ್ ಮಾರ್ಟಿನ್-ನೈರಾ ಅವರು ಪ್ರತಿಫಲಿತ ಸಂಕೇತದಿಂದ ಸಮುದ್ರ ಮಟ್ಟವನ್ನು ಅಳೆಯಬಹುದೆಂಬ ಪ್ರಸ್ತಾವ ಮುಂದಿಟ್ಟರು. 2002ರಲ್ಲಿ ಸ್ಟೀಫನ್ ಲೋ ಮತ್ತು ಸಂಗಡಿಗರು 1994ರ ಬಾಹ್ಯಾಕಾಶ ನೌಕೆಯೊಂದರ ರೇಡಾರ್ ದಾಖಲೆಗಳನ್ನು ಜಾಲಾಡಿ, ಬೇರೆ ಉದ್ದೇಶಕ್ಕೆ ಸಂಗ್ರಹಿಸಿದ ಆ ದತ್ತಾಂಶದೊಳಗೆ ಭೂಮಿಯಿಂದ ಚಿಮ್ಮಿದ ಜಿಪಿಎಸ್ ಸಂಕೇತ ಅಡಗಿರುವುದನ್ನು ತೋರಿಸಿದರು. ಅದೇ ವರ್ಷ ಅಮೆರಿಕದ ಅಯೋವಾದ ಮೆಕ್ಕೆಜೋಳ, ಸೋಯಾಬೀನ್ ಹೊಲಗಳ ಮೇಲೆ ವಿಮಾನ ಹಾರಿಸಿ ಮಣ್ಣಿನ ತೇವಕ್ಕೂ ಪ್ರತಿಫಲನಕ್ಕೂ ಇರುವ ನಂಟನ್ನು ಪರೀಕ್ಷಿಸಲಾಯಿತು.

ಕಂಬದ ಮೇಲಿನ ಗ್ರಾಹಕ: ಒಂದು ಹೊಲದ ಅಳತೆ

ಈ ವಿದ್ಯೆಯಲ್ಲಿ ಎರಡು ಬಗೆಗಳಿವೆ. ಒಂದು ನೆಲದ ಮೇಲಿಂದ, ಇನ್ನೊಂದು ಬಾಹ್ಯಾಕಾಶದಿಂದ.

ಮೊದಲನೆಯದಕ್ಕೆ ಬುನಾದಿ ಹಾಕಿದವರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಕ್ರಿಸ್ಟೀನ್ ಲಾರ್ಸನ್ ಮತ್ತು ಎರಿಕ್ ಸ್ಮಾಲ್ ಮುಖ್ಯರು. ಭೂಕಂಪದ ಅಧ್ಯಯನಕ್ಕಾಗಿ ನೆಲದ ಅತಿ ಸಣ್ಣ ಚಲನೆಯನ್ನೂ ಅಳೆಯುವ ಜಿಪಿಎಸ್ ಗ್ರಾಹಕಗಳನ್ನು ಜಗತ್ತಿನ ಹಲವೆಡೆ ಶಾಶ್ವತವಾಗಿ ನೆಟ್ಟಿದ್ದಾರೆ. ಅವು ಸ್ಥಾನದ ಜೊತೆಗೆ ಸಂಕೇತದ ಬಲವನ್ನೂ ದಾಖಲಿಸುತ್ತವೆ. ಆ ಬಲ ಅಲೆಅಲೆಯಾಗಿ ಏರಿಳಿಯುತ್ತದೆ. 2008ರಲ್ಲಿ ಲಾರ್ಸನ್ ತಂಡ ಉಜ್ಬೇಕಿಸ್ತಾನದ ತಾಷ್ಕೆಂಟ್‌ನ ಒಂದು ಗ್ರಾಹಕದ ದಾಖಲೆಗಳನ್ನು ನೋಡಿ, ಈ ಏರಿಳಿತ ಮಣ್ಣು ಒದ್ದೆಯಾಗಿ ಒಣಗುವುದಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ತೋರಿಸಿತು.

ಏರಿಳಿತ ಏಕೆ? ಗ್ರಾಹಕಕ್ಕೆ ಒಂದು ಸಂಕೇತ ಉಪಗ್ರಹದಿಂದ ನೇರವಾಗಿ, ಇನ್ನೊಂದು ನೆಲಕ್ಕೆ ಬಡಿದು ಬರುತ್ತದೆ. ಎರಡೂ ಅಲೆಗಳ ಉಬ್ಬು ಒಟ್ಟಿಗೆ ಬಂದರೆ ಬಲ ಹೆಚ್ಚುತ್ತದೆ. ಒಂದರ ಉಬ್ಬಿಗೆ ಇನ್ನೊಂದರ ತಗ್ಗು ಸೇರಿದರೆ ಬಲ ಕುಗ್ಗುತ್ತದೆ. ಉಪಗ್ರಹ ದಿಗಂತದಿಂದ ಮೇಲೇರುತ್ತಿದ್ದಂತೆ ಎರಡು ದಾರಿಗಳ ಉದ್ದದ ವ್ಯತ್ಯಾಸ ಬದಲಾಗುತ್ತಾ ಹೋಗುವುದರಿಂದ ಬಲ ಉಯ್ಯಾಲೆಯಂತೆ ತೂಗುತ್ತದೆ. ಒಣ ಮಣ್ಣಿನಲ್ಲಿ ಅಲೆ ತುಸು ಒಳಗೆ ಇಳಿದು ಹಿಂದಿರುಗುತ್ತದೆ. ಒದ್ದೆ ಮಣ್ಣಿನಲ್ಲಿ ಮೇಲೆಯೇ ಚಿಮ್ಮುತ್ತದೆ. ಇದರಿಂದ ಉಯ್ಯಾಲೆಯ ತೂಗಾಟ ಸ್ವಲ್ಪ ಮುಂದಕ್ಕೋ ಹಿಂದಕ್ಕೋ ಸರಿಯುತ್ತದೆ. ಆ ಸರಿತವೇ ತೇವದ ಅಳತೆ. ಗಿಡಗಳು ಬೆಳೆದರೆ ತೂಗಾಟದ ಎತ್ತರ ಕಡಿಮೆಯಾಗುತ್ತದೆ. ಹಿಮ ಬಿದ್ದರೆ ಪ್ರತಿಫಲಿಸುವ ಮೇಲ್ಮೈಯೇ ಮೇಲೇರುವುದರಿಂದ ತೂಗಾಟದ ವೇಗ ಬದಲಾಗುತ್ತದೆ. ಹಾಗಾಗಿ ಒಂದೇ ಗ್ರಾಹಕ ತೇವ, ಹಸಿರು, ಹಿಮ ಮೂರರ ಸುಳಿವನ್ನೂ ಕೊಡಬಲ್ಲದು.

ನೆಲದಿಂದ 2 ಮೀಟರ್ ಎತ್ತರದ ಗ್ರಾಹಕ ಸುತ್ತಲಿನ ಸುಮಾರು 1000 ಚದರ ಮೀಟರ್ ಜಾಗದ ತೇವವನ್ನು, ಮೇಲಿನ ಸುಮಾರು 5 ಸೆಂಟಿಮೀಟರ್ ಆಳದವರೆಗೆ ಅಳೆಯುತ್ತದೆ. ಅಂದರೆ ಕಾಲು ಎಕರೆಯಷ್ಟು. ಅಮೆರಿಕದ ಪಶ್ಚಿಮ ಭಾಗದಲ್ಲಿ ಭೂಫಲಕಗಳ ಚಲನೆ ತಿಳಿಯಲು ನೆಟ್ಟಿದ್ದ ಸುಮಾರು 1100 ಗ್ರಾಹಕಗಳ ಜಾಲದ ದತ್ತಾಂಶವನ್ನು ಈ ತಂಡ ಹೀಗೆ ಬಳಸಿಕೊಂಡಿತು. ಮಣ್ಣಿನ ತೇವಕ್ಕೆ ಒಗ್ಗುವ ಕಡೆಗಳಲ್ಲಿ ಹೊಸ ಉಪಕರಣ ಹೂಳದೆಯೇ ತೇವದ ದಾಖಲೆ ಸಿಕ್ಕಿತು.

ಭಾರತದಲ್ಲೂ ಸರ್ವೆ ಆಫ್ ಇಂಡಿಯಾ ಇಂತಹ ಶಾಶ್ವತ ಗ್ರಾಹಕಗಳ ಜಾಲವನ್ನು ಕಟ್ಟಿದೆ. ಆದರೆ ಎಲ್ಲ ಗ್ರಾಹಕವೂ ಈ ಕೆಲಸಕ್ಕೆ ಬಾರದು. ಗ್ರಾಹಕ ಕಟ್ಟಡದ ತಾರಸಿಯ ಮೇಲಿದ್ದರೆ ಅದು ಕೇಳುವುದು ತಾರಸಿಯ ಪ್ರತಿಧ್ವನಿಯನ್ನು. ಸುತ್ತ ಬಯಲಾದ, ಸಮತಟ್ಟಾದ ಮಣ್ಣು ಬೇಕು. ನಮ್ಮದೇ ನಾವಿಕ್ ಸಂಕೇತದಿಂದ ಮಣ್ಣಿನ ತೇವ ಅಳೆಯುವ ಪ್ರಯೋಗಗಳೂ ಡೆಹ್ರಾಡೂನ್‌ನಲ್ಲಿ ನಡೆದಿವೆ. ಅಲ್ಲೊಂದು ತೊಡಕಿದೆ. ನಾವಿಕ್ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಅವುಗಳಲ್ಲಿ ಕೆಲವು ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಇರುತ್ತವೆ, ಉಳಿದವು ನಿಧಾನವಾಗಿ ಸರಿಯುತ್ತವೆ. ಉಪಗ್ರಹ ಏರಿ ಇಳಿಯದಿದ್ದರೆ ಉಯ್ಯಾಲೆ ತೂಗುವುದಿಲ್ಲ. ಆದ್ದರಿಂದ ಜಿಪಿಎಸ್‌ಗೆ ಹೊಂದುವ ಲೆಕ್ಕವನ್ನು ನಾವಿಕ್‌ಗೆ ಹಾಗೆಯೇ ಹಚ್ಚಲಾಗದು.

ಬಾಹ್ಯಾಕಾಶದಿಂದ: ಚಂಡಮಾರುತ ನೋಡಲು ಹೋಗಿ ಮಣ್ಣು ಕಂಡಿತು

ಎರಡನೆಯ ಬಗೆಯ ದೊಡ್ಡ ಉದಾಹರಣೆ ನಾಸಾದ ಸಿಗ್ನಸ್. 2016ರ ಡಿಸೆಂಬರ್ 15ರಂದು ಎಂಟು ಪುಟ್ಟ ಉಪಗ್ರಹಗಳನ್ನು ಒಟ್ಟಿಗೆ ಹಾರಿಸಲಾಯಿತು. ಒಂದೊಂದರ ತೂಕ 30 ಕೆಜಿಗೂ ಕಡಿಮೆ. ಮಿಷಿಗನ್ ವಿಶ್ವವಿದ್ಯಾಲಯದ ಕ್ರಿಸ್ ರಫ್ ಇದರ ಮುಖ್ಯ ವಿಜ್ಞಾನಿ. ಉದ್ದೇಶ ಚಂಡಮಾರುತದ ಗಾಳಿಯ ವೇಗ ತಿಳಿಯುವುದು. ಗಾಳಿ ಬೀಸಿದಷ್ಟೂ ಸಮುದ್ರ ಒರಟಾಗುತ್ತದೆ, ಒರಟಾದಷ್ಟೂ ಜಿಪಿಎಸ್ ಸಂಕೇತ ಚೆದುರಿ ಪ್ರತಿಫಲನ ದುರ್ಬಲವಾಗುತ್ತದೆ.

ಸಿಗ್ನಸ್ ಉಪಗ್ರಹಗಳು ಸುಮಾರು 520 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ, ಮೇಲ್ಮುಖದ ಆಂಟೆನಾದಿಂದ ನೇರ ಸಂಕೇತವನ್ನೂ ಕೆಳಮುಖದ ಆಂಟೆನಾಗಳಿಂದ ನೆಲಕ್ಕೆ ಬಡಿದು ಬಂದ ಸಂಕೇತವನ್ನೂ ಆಲಿಸುತ್ತವೆ. ಪ್ರತಿ ಉಪಗ್ರಹವೂ ಏಕಕಾಲಕ್ಕೆ ನಾಲ್ಕು ಪ್ರತಿಫಲನಗಳನ್ನು ಹಿಡಿಯುತ್ತದೆ. ತಾನಾಗಿ ಯಾವ ರೇಡಾರ್ ಅಲೆಯನ್ನೂ ಕಳಿಸದೆ ಬರೀ ಕೇಳಿಸಿಕೊಳ್ಳುವುದರಿಂದ ದೊಡ್ಡ ವಿದ್ಯುತ್ ವ್ಯವಸ್ಥೆ ಬೇಡ. ಅದಕ್ಕೇ ಇಷ್ಟು ಹಗುರ.

ಸಮುದ್ರಕ್ಕೆಂದು ಹಾರಿಸಿದ ಉಪಗ್ರಹ ನೆಲದ ಮೇಲೆ ಹಾದುಹೋಗುವಾಗಲೂ ಆಲಿಸುತ್ತಲೇ ಇರುತ್ತದೆ. 2018ರಲ್ಲಿ ಕ್ಲಾರಾ ಚ್ಯೂ ಮತ್ತು ಎರಿಕ್ ಸ್ಮಾಲ್ ಈ ನೆಲದ ದತ್ತಾಂಶವನ್ನು ನಾಸಾದ ಇನ್ನೊಂದು ಉಪಗ್ರಹವಾದ ಸ್ಮ್ಯಾಪ್‌ನ ತೇವಾಂಶದ ಜೊತೆ ಹೋಲಿಸಿ, ಎರಡೂ ಒಟ್ಟಿಗೆ ಏರಿಳಿಯುವುದನ್ನು ತೋರಿಸಿದರು. 2017ರ ಅಟ್ಲಾಂಟಿಕ್ ಚಂಡಮಾರುತಗಳ ನಂತರ ನೀರು ನಿಂತ ಪ್ರದೇಶಗಳನ್ನೂ ಇದೇ ದತ್ತಾಂಶದಿಂದ ಗುರುತಿಸಲಾಯಿತು.

ಸಿಗ್ನಸ್ ನೋಡುವುದು ಸಮಭಾಜಕ ವೃತ್ತದಿಂದ ಉತ್ತರಕ್ಕೂ ದಕ್ಷಿಣಕ್ಕೂ ಸುಮಾರು 38 ಡಿಗ್ರಿ ಅಕ್ಷಾಂಶದವರೆಗಿನ ಪಟ್ಟಿಯನ್ನು. ಕರ್ನಾಟಕವೂ ಸೇರಿದಂತೆ ಭಾರತದ ಇಡೀ ನೆಲ ಇದರೊಳಗೆ ಬರುತ್ತದೆ.

ಬೇರೆ ಉಪಗ್ರಹಗಳು ಇಲ್ಲವೇ?

ಇವೆ. ಯುರೋಪಿನ ಸ್ಮೋಸ್ 2009ರಿಂದ, ನಾಸಾದ ಸ್ಮ್ಯಾಪ್ 2015ರಿಂದ ಮಣ್ಣಿನ ತೇವ ಅಳೆಯುವ ಕೆಲಸ ಮಾಡುತ್ತಿವೆ. ಇವು ಮಣ್ಣು ತಾನಾಗಿ ಹೊಮ್ಮಿಸುವ ಅತಿ ಕ್ಷೀಣ ರೇಡಿಯೋ ಅಲೆಗಳನ್ನು ಅಳೆಯುತ್ತವೆ. ಇವುಗಳ ಅಳತೆ ಹೆಚ್ಚು ನಂಬಿಕಸ್ಥ. ಆದರೆ ಒಂದು ಅಳತೆ ಸುಮಾರು 40 ಕಿಲೋಮೀಟರ್ ಅಗಲದ ನೆಲಕ್ಕೆ ಒಂದು. ಅದೇ ಜಾಗವನ್ನು ಮತ್ತೆ ನೋಡಲು ಎರಡು ಮೂರು ದಿನ ಬೇಕು.

ಸ್ಮ್ಯಾಪ್‌ನಲ್ಲಿ ಇನ್ನೂ ಸೂಕ್ಷ್ಮವಾಗಿ ನೋಡಲೆಂದು ಒಂದು ರೇಡಾರ್ ಕೂಡ ಇತ್ತು. ಹಾರಿದ ಕೆಲವೇ ತಿಂಗಳಲ್ಲಿ, 2015ರ ಜುಲೈನಲ್ಲಿ, ಅದರ ಅಲೆ ಕಳಿಸುವ ಭಾಗ ಕೆಟ್ಟಿತು. ಕೇಳುವ ಭಾಗ ಚೆನ್ನಾಗಿತ್ತು. ವಿಜ್ಞಾನಿಗಳು ಅದರ ಆವರ್ತನವನ್ನು ಜಿಪಿಎಸ್ ಸಂಕೇತಕ್ಕೆ ಹೊಂದಿಸಿದರು. ದನಿ ಕಳೆದುಕೊಂಡ ರೇಡಾರ್ ಬೇರೆಯವರ ದನಿಯ ಪ್ರತಿಧ್ವನಿಯನ್ನು ಕೇಳತೊಡಗಿತು.

ಇಸ್ರೋ ಮತ್ತು ನಾಸಾ ಜೊತೆಗೂಡಿ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿಸಿದ ನಿಸಾರ್ ತಾನೇ ಅಲೆ ಕಳಿಸಿ ಕೇಳುವ ರೇಡಾರ್. ಅದರ ಚಿತ್ರ ಬಹಳ ಸೂಕ್ಷ್ಮ, ಆದರೆ ಅದೇ ಹಾದಿಗೆ ಮರಳಲು ಅದಕ್ಕೆ 12 ದಿನ ಬೇಕು. ಪ್ರತಿಫಲನ ವಿಧಾನದ ಬಲ ಬೇರೆ ಕಡೆ ಇದೆ. ಸಂಕೇತ ಬಿಟ್ಟಿಯಾಗಿ ಸಿಗುತ್ತದೆ, ಉಪಗ್ರಹ ಸಣ್ಣದು, ಹಲವನ್ನು ಹಾರಿಸಬಹುದು, ದಿನದ ಬೇರೆ ಬೇರೆ ಹೊತ್ತಿನಲ್ಲಿ ಅಳೆಯಬಹುದು. ಬೆಳಿಗ್ಗೆ ಮಳೆ ಸುರಿದು ಸಂಜೆಗೆ ಮೇಲ್ಮಣ್ಣು ಒಣಗುವ ನಮ್ಮಂತಹ ಕಡೆ ಇದು ಉಪಯುಕ್ತ. ಯುರೋಪಿನ ಬಾಹ್ಯಾಕಾಶ ಸಂಸ್ಥೆಯೂ ಮಣ್ಣಿನ ತೇವ, ಜೌಗು ನೆಲ, ಕಾಡಿನ ಜೀವರಾಶಿಗಳನ್ನು ಅಳೆಯಲೆಂದೇ ಹೈಡ್ರೋಜಿಎನ್‌ಎಸ್‌ಎಸ್ ಎಂಬ ಜೋಡಿ ಉಪಗ್ರಹಗಳ ಯೋಜನೆಯನ್ನು ಕೈಗೊಂಡಿದೆ.

ಎಲ್ಲಿ ಎಡವುತ್ತದೆ?

ಆಳ: ಈ ಅಲೆಗಳು ಹೇಳುವುದು ಮೇಲಿನ ಕೆಲವು ಸೆಂಟಿಮೀಟರ್ ಮಣ್ಣಿನ ಸ್ಥಿತಿಯನ್ನು. ಬೀಜ ಮೊಳೆಯಲು ಆ ತೇವ ಮುಖ್ಯ. ಆದರೆ ತಿಂಗಳು ಕಳೆದ ತೊಗರಿಯ ಬೇರು ಅದಕ್ಕಿಂತ ಬಹಳ ಕೆಳಗಿರುತ್ತದೆ. ಬೇರಿನ ಮಟ್ಟದ ತೇವ ಬೇಕಾದರೆ ಮೇಲ್ಮೈ ಅಳತೆಯನ್ನು ಮಳೆ, ಬಿಸಿಲು, ಮಣ್ಣಿನ ಗುಣಗಳ ಜೊತೆ ಗಣಿತ ಮಾದರಿಗೆ ಉಣಿಸಿ ಅಂದಾಜು ಮಾಡಬೇಕು.

ಹಸಿರು ಮತ್ತು ಒರಟುತನ: ದಟ್ಟ ಮರಗಳ ಎಲೆ, ಕೊಂಬೆಗಳಲ್ಲಿರುವ ನೀರೂ ಸಂಕೇತವನ್ನು ಕುಂದಿಸುತ್ತದೆ. ಕೊಡಗಿನ ಕಾಫಿ ತೋಟದ ನೆರಳಿನಲ್ಲಿ, ಪಶ್ಚಿಮ ಘಟ್ಟದ ಇಳಿಜಾರಿನಲ್ಲಿ ಈ ವಿಧಾನ ತಿಣುಕುತ್ತದೆ. ವಿಜಯಪುರ, ಗದಗದಂತಹ ಬಯಲು ಸೀಮೆಯಲ್ಲಿ ಕೆಲಸ ಹಗುರ. ಅಲ್ಲಿಯೂ ಆಗತಾನೆ ಉತ್ತ ಹೊಲ ಒರಟಾಗಿರುವುದರಿಂದ ಸಂಕೇತ ಚೆದುರಿ, ಮಣ್ಣು ಇದ್ದುದಕ್ಕಿಂತ ಒಣಗಿದಂತೆ ತೋರಬಹುದು.

ಕೆರೆ, ಗದ್ದೆ: ನಿಂತ ನೀರಿನ ಪ್ರತಿಫಲನ ಬಹಳ ಪ್ರಬಲ. ಅಳತೆಯ ಜಾಗದೊಳಗೆ ಒಂದು ಸಣ್ಣ ಕೆರೆಯಿದ್ದರೂ ಸುತ್ತಲಿನ ಒಣ ಹೊಲದ ದನಿ ಅದರಲ್ಲಿ ಮುಳುಗಿಹೋಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳ ಪಕ್ಕದ ಮಳೆಯಾಶ್ರಿತ ಹೊಲವನ್ನು ಬೇರ್ಪಡಿಸಿ ನೋಡುವುದು ಸುಲಭವಲ್ಲ.

ಅಳತೆಯ ಗಾತ್ರ: ನೆಲ ನುಣುಪಾಗಿದ್ದರೆ ಪ್ರತಿಫಲನ ಒಂದು ಕಿಲೋಮೀಟರಿಗಿಂತ ಕಿರಿದಾದ ಜಾಗದಿಂದ ಬರುತ್ತದೆ. ಆದರೆ ಉಪಗ್ರಹ ಓಡುತ್ತಿರುವುದರಿಂದ ಅಳತೆ ಕೆಲವು ಕಿಲೋಮೀಟರ್ ಉದ್ದಕ್ಕೆ ಎಳೆದುಕೊಳ್ಳುತ್ತದೆ. ನೆಲ ಒರಟಾಗಿದ್ದರೆ ಹತ್ತಾರು ಕಿಲೋಮೀಟರ್ ಅಗಲದಿಂದ ಚೆದುರಿದ ದನಿ ಬೆರೆಯುತ್ತದೆ.

ತಪ್ಪಿನ ಅಂತರ: ಸ್ಮ್ಯಾಪ್‌ನ ಗುರಿ ಮಣ್ಣಿನ ಒಟ್ಟು ಗಾತ್ರದಲ್ಲಿ ನೀರಿನ ಪಾಲನ್ನು ನೂರಕ್ಕೆ 4ರ ತಪ್ಪಿನೊಳಗೆ ಹೇಳುವುದು. ಸಿಗ್ನಸ್‌ನಿಂದ ತಯಾರಾದ ಒಂದು ಮುಖ್ಯ ತೇವಾಂಶ ದತ್ತಾಂಶದಲ್ಲಿ ಈ ತಪ್ಪು ನೂರಕ್ಕೆ ಸುಮಾರು 5. ಅಂದರೆ ನಕ್ಷೆಯಲ್ಲಿ 20 ಎಂದಿದ್ದರೆ ನಿಜಸ್ಥಿತಿ 15 ಇರಬಹುದು, 25 ಇರಬಹುದು. ಆ ದತ್ತಾಂಶವನ್ನು ಸ್ಮ್ಯಾಪ್‌ಗೆ ಹೋಲಿಸಿಯೇ ಪಳಗಿಸಿರುವುದರಿಂದ ಸ್ಮ್ಯಾಪ್‌ನ ತಪ್ಪುಗಳೂ ಅದಕ್ಕೆ ಇಳಿದು ಬರುತ್ತವೆ.

ಕೆಲವು ತಪ್ಪು ತಿಳಿವಳಿಕೆಗಳು

"ಜಿಪಿಎಸ್ ಉಪಗ್ರಹವೇ ನನ್ನ ಹೊಲವನ್ನು ನೋಡುತ್ತದೆ." ಇಲ್ಲ. ಅದು ಸಂಕೇತ ಕಳಿಸುತ್ತದೆ, ಅಷ್ಟೇ. ಚಿಮ್ಮಿದ ಸಂಕೇತವನ್ನು ಕೇಳುವುದು ಬೇರೊಂದು ಗ್ರಾಹಕ.

"ಅಂತರ್ಜಲ ಎಲ್ಲಿದೆ, ಬೋರ್‌ವೆಲ್ ಎಲ್ಲಿ ಕೊರೆಯಬೇಕು ಎಂದು ಇದರಿಂದ ತಿಳಿಯುತ್ತದೆ." ಖಂಡಿತ ಇಲ್ಲ. ಕೆಲವು ಸೆಂಟಿಮೀಟರ್ ಇಳಿಯುವ ಅಲೆ ನೂರಾರು ಅಡಿ ಕೆಳಗಿನ ನೀರನ್ನು ಕಾಣಲಾರದು. ಅಂತರ್ಜಲದ ಏರಿಳಿತವನ್ನು ಗುರುತ್ವದ ಬದಲಾವಣೆಯಿಂದ ಅಂದಾಜು ಮಾಡುವ ಗ್ರೇಸ್ ಎಂಬ ಉಪಗ್ರಹ ಜೋಡಿ 2002ರಲ್ಲಿ ಹಾರಿತ್ತು. ಅದು ಹೇಳುತ್ತಿದ್ದುದು ನೂರಾರು ಕಿಲೋಮೀಟರ್ ವಿಸ್ತಾರದ ಲೆಕ್ಕ. ಉಪಗ್ರಹದಿಂದ ನಿಮ್ಮ ಜಮೀನಿನ ಬೋರ್‌ವೆಲ್ ಬಿಂದು ತೋರಿಸುತ್ತೇವೆ ಎಂದು ಯಾರಾದರೂ ಹಣ ಕೇಳಿದರೆ ಎಚ್ಚರವಿರಲಿ.

"ಈ ಅಲೆಗಳಿಂದ ಬೆಳೆಗೆ, ಎರೆಹುಳುವಿಗೆ ತೊಂದರೆ." ಈ ಅಳತೆಗಾಗಿ ಹೊಸದಾಗಿ ಯಾವ ಅಲೆಯನ್ನೂ ಕಳಿಸುವುದಿಲ್ಲ. ಹೇಗೂ ನೆಲಕ್ಕೆ ಬೀಳುತ್ತಿರುವ ಸಂಕೇತವನ್ನೇ ಬಳಸುತ್ತಾರೆ. ಅದರ ಶಕ್ತಿ ಎಷ್ಟು ಕಡಿಮೆ ಎಂಬುದನ್ನು ಮೇಲೆ ನೋಡಿದೆವು.

"ತೇವಾಂಶ 20 ಎಂದರೆ ಎಲ್ಲ ಕಡೆ ಒಂದೇ ಅರ್ಥ." ಇದು ಎಲ್ಲಕ್ಕಿಂತ ದುಬಾರಿಯಾಗಬಲ್ಲ ತಪ್ಪು. ಜಿಗುಟಾದ ಎರೆ ಮಣ್ಣು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅಲ್ಲಿ ನೂರಕ್ಕೆ 20 ಭಾಗ ನೀರಿದ್ದರೂ ಬೇರಿಗೆ ಎಟುಕದೆ ಬೆಳೆ ಬಾಡಬಹುದು. ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಅದೇ 20 ಎಂದರೆ ಸಾಕಷ್ಟು ಹಸಿ. ಸಂಖ್ಯೆಯನ್ನು ಮಣ್ಣಿನ ಜಾತಿಯ ಜೊತೆಗೆ ಓದಬೇಕು.

ತೇವಾಂಶದ ನಕ್ಷೆ ಕಂಡಾಗ ಏನು ಕೇಳಬೇಕು?

ಕೃಷಿ ಆ್ಯಪ್‌ಗಳಲ್ಲಿ, ಸುದ್ದಿಗಳಲ್ಲಿ ಬಣ್ಣ ಬಣ್ಣದ ತೇವಾಂಶ ನಕ್ಷೆಗಳು ಬರುತ್ತಿವೆ. ಮುಂದೆ ಬೆಳೆ ವಿಮೆ, ಬರ ಪರಿಹಾರದ ಮಾತಿನಲ್ಲೂ ಅವು ಹೆಚ್ಚಾಗಿ ಕಾಣಿಸಿಕೊಳ್ಳಬಹುದು. ಅಂತಹ ನಕ್ಷೆ ಕಂಡಾಗ ನಾಲ್ಕು ಪ್ರಶ್ನೆ ಕೇಳಿ. ಇದು ಎಷ್ಟು ಆಳದ ತೇವ? ಒಂದು ಚೌಕ ಎಷ್ಟು ಅಗಲದ ನೆಲ? ಯಾವ ದಿನದ ಅಳತೆ? ನನ್ನ ಮಣ್ಣಿಗೆ ಈ ಸಂಖ್ಯೆಯ ಅರ್ಥವೇನು? ನಾಲ್ಕಕ್ಕೂ ಉತ್ತರ ಸಿಗದಿದ್ದರೆ ಅದು ಬರೀ ಚಿತ್ರ.

ಈ ವಿಧಾನದ ನಿಜವಾದ ಉಪಯೋಗ ಒಂದು ಹೊಲಕ್ಕಿಂತ ದೊಡ್ಡ ಹರವಿನಲ್ಲಿದೆ. ಈ ವಾರ ಯಾವ ಭಾಗ ಬೇಗ ಒಣಗುತ್ತಿದೆ, ಯಾವ ನದಿ ಪಾತ್ರದ ನೆಲ ಈಗಾಗಲೇ ತುಂಬಿದೆ, ಹಿಂದಿನ ವರ್ಷಗಳ ಇದೇ ಹೊತ್ತಿಗೆ ಹೋಲಿಸಿದರೆ ಹೇಗಿದೆ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ಬಿತ್ತುವುದೋ ಕಾಯುವುದೋ ಎಂಬ ತೀರ್ಮಾನಕ್ಕೆ ನಿಮ್ಮ ಮುಷ್ಟಿಯೇ ಇವತ್ತಿಗೂ ಹೆಚ್ಚು ನಂಬಿಕಸ್ಥ.

ಉಪಗ್ರಹ ಏನನ್ನು ನೋಡುತ್ತದೆ, ಏನನ್ನು ನೋಡುವುದಿಲ್ಲ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಮಳೆ ನಿಂತು ನಾಲ್ಕು ದಿನ ಬಿಸಿಲು ಬಿದ್ದ ಮೇಲೆ ಒಂದೇ ಜಾಗದಲ್ಲಿ ಮೇಲಿನ 5 ಸೆಂಟಿಮೀಟರಿನಿಂದ 100 ಗ್ರಾಂ, ಒಂದು ಗೇಣು ಕೆಳಗಿನಿಂದ 100 ಗ್ರಾಂ ಮಣ್ಣು ತೆಗೆಯಿರಿ. ಎರಡನ್ನೂ ತಟ್ಟೆಯಲ್ಲಿ ತೆಳ್ಳಗೆ ಹರಡಿ, ತೂಕ ಇಳಿಯುವುದು ನಿಲ್ಲುವವರೆಗೆ ಬಿಸಿಲಿನಲ್ಲಿ ಒಣಗಿಸಿ, ಅಡುಗೆಮನೆಯ ತಕ್ಕಡಿಯಲ್ಲಿ ಮತ್ತೆ ತೂಗಿ. ಬಿಸಿಲು ಪ್ರಯೋಗಾಲಯದ ಒಲೆಯಷ್ಟು ಪೂರ್ತಿಯಾಗಿ ಒಣಗಿಸದು, ಆದರೆ ಹೋಲಿಕೆಗೆ ಸಾಕು. ಎರಡು ತಟ್ಟೆಗಳು ಕಳೆದುಕೊಂಡ ತೂಕದಲ್ಲಿ ವ್ಯತ್ಯಾಸವಿದ್ದರೆ, ಮೇಲಿನಿಂದ ನೋಡುವ ಉಪಗ್ರಹಕ್ಕೆ ನೇರವಾಗಿ ಕಾಣದೆ ಉಳಿಯುವುದು ಅದೇ.